ಮಗು ಏಕೆ ಉಣ್ಣಲೊಲ್ಲದು?

ರೇಷ್ಮೆಹುಳುವಿನ ಮುಂದೆ ಹಿಪ್ಪುನೇರಳೆ ಸೊಪ್ಪನ್ನು ಹರಡಿದರೆ ಅದು ಅರೆಗಳಿಗೆಯೂ ಅನುಮಾನಿಸುವುದಿಲ್ಲ. ಮೊಟ್ಟೆಯೊಡೆದು ಹೊರಬಂದ ದಿನದಿಂದಲೇ ಅದಕ್ಕೆ ತನ್ನ ಆಹಾರ ಯಾವುದೆಂದು ಗೊತ್ತು. ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ, ಯಾರೂ ರಮಿಸಬೇಕಾಗಿಲ್ಲ. ಮನುಷ್ಯನ ಮಗುವಿನ ಸ್ಥಿತಿ ಹೀಗಲ್ಲ. ಹುಟ್ಟಿದಾಗ ಅದು ತಾಯಿಯ ಹಾಲೊಂದನ್ನುಳಿದು ಮತ್ತಾವ ಆಹಾರವನ್ನೂ ಅರಿಯದು. ಮುಂದೆ ಅದು ಮಂಡ್ಯದಲ್ಲಿ ಬೆಳೆದರೆ ರಾಗಿಮುದ್ದೆ ಬಸ್ಸಾರುಗಳನ್ನೂ, ವಿಜಯಪುರದ ಕಡೆ ಬೆಳೆದರೆ ಜೋಳದ ರೊಟ್ಟಿ ಎಣ್ಣೆಗಾಯಿಗಳನ್ನೂ, ಕರಾವಳಿಯಲ್ಲಿ ಬೆಳೆದರೆ ಕುಚ್ಚಲಕ್ಕಿಯ ಗಂಜಿಯನ್ನೂ ಮೀನನ್ನೂ ತನ್ನ ಆಹಾರವನ್ನಾಗಿ ಮಾಡಿಕೊಳ್ಳಬೇಕು. ಇವಾವುವೂ ಹುಟ್ಟಿನಿಂದ ಬಂದ ರುಚಿಗಳಲ್ಲ. ಎಲ್ಲವೂ ಕಲಿತ ರುಚಿಗಳು. ಕಲಿಕೆ ಇರುವಲ್ಲಿ ಎಡವುವುದೂ ತಡವಾಗುವುದೂ ಸಹಜವೇ ಸರಿ.

ಆದರೆ ನಾವು ಊಟದ ವಿಷಯದಲ್ಲಿ ಈ ಮಾತನ್ನು ಮರೆತುಬಿಡುತ್ತೇವೆ. ಒಂದು ವರ್ಷದವರೆಗೆ ಕೊಟ್ಟುದನ್ನೆಲ್ಲ ತಿನ್ನುತ್ತಿದ್ದ ಕೂಸು ಎರಡನೆಯ ವರ್ಷ ಕಾಲಿಟ್ಟೊಡನೆ ತುಟಿ ಬಿಗಿಹಿಡಿಯುತ್ತದೆ. ಸಾರಿನಲ್ಲಿರುವ ಸೊಪ್ಪಿನ ಒಂದೊಂದು ಎಲೆಯನ್ನೂ ಆರಿಸಿ ತಟ್ಟೆಯ ಅಂಚಿಗಿಡುತ್ತದೆ. ಹುರುಳಿಕಾಯಿಯ ಪಲ್ಯವನ್ನು ಕಂಡರೆ ಮುಖ ತಿರುಗಿಸುತ್ತದೆ. ಮೊಸರನ್ನ, ಬಿಸ್ಕತ್ತು, ಹಾಲು ಇವುಗಳ ಹೊರತು ಬೇರೇನೂ ಬೇಡವೆನ್ನುತ್ತದೆ. ತಾಯಿ ತಟ್ಟೆ ಹಿಡಿದು ಮಗುವಿನ ಹಿಂದೆ ಓಡುತ್ತಾಳೆ. ಅಜ್ಜಿ ಗುಮ್ಮನನ್ನು ಕರೆಯುತ್ತಾಳೆ. ತಂದೆ ಕಣ್ಣು ಕೆರಳಿಸುತ್ತಾನೆ. ಇಂದಿನ ಮನೆಗಳಲ್ಲಿ ಇದಾವುದೂ ಸಾಗದಿದ್ದಾಗ ಮಗುವಿನ ಕೈಗೆ ಮೊಬೈಲು ಬರುತ್ತದೆ. ಅದರ ಕಣ್ಣು ಚಿತ್ರದಲ್ಲಿ ನೆಟ್ಟಿರುವಾಗ ಬಾಯಿಗೆ ತುತ್ತು ತುರುಕಲಾಗುತ್ತದೆ. ಹೀಗೆ ದಿನಕ್ಕೆ ಮೂರು ಸಲ ಮನೆಯಲ್ಲಿ ಒಂದು ಸಣ್ಣ ಯುದ್ಧವೇ ನಡೆಯುತ್ತದೆ. ಮಗು ಏಕೆ ಹೀಗೆ ಮಾಡುತ್ತದೆ, ಅದಕ್ಕೆ ನಾವು ಮಾಡಬೇಕಾದುದೇನು, ಮಾಡಬಾರದುದೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಇದು ಬರಿಯ ಮುದ್ದಿನ ಹಟವೆಂದು ತಳ್ಳಿಹಾಕತಕ್ಕ ವಿಷಯವಲ್ಲ. ೨೦೧೯-೨೧ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಭಾರತದಲ್ಲಿ ಶೇಕಡ ೬೭ರಷ್ಟು ಮಕ್ಕಳಲ್ಲಿಯೂ ಕರ್ನಾಟಕದಲ್ಲಿ ಶೇಕಡ ೬೫ಕ್ಕೂ ಮಿಕ್ಕ ಮಕ್ಕಳಲ್ಲಿಯೂ ರಕ್ತಹೀನತೆ ಕಂಡುಬಂದಿತು. ಎಂದರೆ, ಅವರ ೧೦೦ ಮಿಲಿಲೀಟರು ರಕ್ತದಲ್ಲಿ ೧೧ ಗ್ರಾಮಿನಷ್ಟು ಹಿಮೋಗ್ಲೋಬಿನ್ ಕೂಡ ಇರಲಿಲ್ಲ. ಇದಕ್ಕೆ ಬಡತನ, ತಾಯಂದಿರ ರಕ್ತಹೀನತೆ, ಜಂತುಹುಳು, ಪದೇ ಪದೇ ಬರುವ ಕಾಯಿಲೆಗಳು ಮುಂತಾದ ಅನೇಕ ಕಾರಣಗಳುಂಟು. ತಟ್ಟೆಯಲ್ಲಿ ಬಡಿಸಲು ಏನೂ ಇಲ್ಲದ ಮನೆಯ ಪ್ರಶ್ನೆ ಬೇರೆ. ಅಲ್ಲಿ ಬೇಕಾದುದು ಉಪದೇಶವಲ್ಲ, ಆಹಾರ. ಆದರೆ ಸೊಪ್ಪು, ಕಾಳು, ತರಕಾರಿಗಳು ಅಡುಗೆಮನೆಯಲ್ಲಿ ಇದ್ದೂ ಮಗುವಿನ ಹೊಟ್ಟೆಗೆ ಸೇರದಿರುವ ಮನೆಗಳು ಎಷ್ಟೋ ಇವೆ. ಈ ಲೇಖನ ಅಂಥವರಿಗಾಗಿ.

ಸರ್ವಾಹಾರಿಯ ಸಂಶಯ

ರೇಷ್ಮೆಹುಳುವಿಗಿಲ್ಲದ ಒಂದು ಸಂಕಟ ಎಲ್ಲವನ್ನೂ ತಿನ್ನಬಲ್ಲ ಪ್ರಾಣಿಗಳಿಗೆ ಉಂಟು. ಇಲಿಯನ್ನು ನೋಡಿರಿ. ಹೊಲದಲ್ಲಿ ಇಲಿಪಾಷಾಣವಿಡುವ ರೈತನಿಗೆ ಅದರ ಸ್ವಭಾವ ಚೆನ್ನಾಗಿ ಗೊತ್ತು. ಮೊದಲ ದಿನವೇ ವಿಷ ಬೆರೆಸಿದ ಕಾಳನ್ನಿಟ್ಟರೆ ಇಲಿ ಅದನ್ನು ಮೂಸಿನೋಡಿ, ಒಂದೆರಡು ಕಾಳು ಕಚ್ಚಿ, ಹಿಂದೆ ಸರಿಯುತ್ತದೆ. ಆದುದರಿಂದ ತಿಳಿದವರು ಎರಡು ಮೂರು ದಿನ ಬರಿಯ ಕಾಳನ್ನೇ ಇಟ್ಟು, ಇಲಿಗೆ ಅದರ ಪರಿಚಯವಾದ ಬಳಿಕವೇ ವಿಷವನ್ನು ಬೆರೆಸುತ್ತಾರೆ. ಇಲಿಗೆ ತಿಂದುದನ್ನು ವಾಂತಿಮಾಡುವ ಶಕ್ತಿ ಇಲ್ಲ. ಆದುದರಿಂದ ಹೊಸದನ್ನು ಸಂಶಯದಿಂದ ನೋಡುವುದೇ ಅದಕ್ಕೆ ರಕ್ಷೆ.

ಮನುಷ್ಯನೂ ಸರ್ವಾಹಾರಿ. ಸಾವಿರಾರು ಬಗೆಯ ಗಿಡ, ಗೆಡ್ಡೆ, ಹಣ್ಣುಗಳನ್ನು ತಿಂದು ಬದುಕಬಲ್ಲವನು. ಅವುಗಳ ನಡುವೆ ಇರುವ ವಿಷದ ಗಿಡವೊಂದನ್ನು ತಿಂದು ಸಾಯಬಲ್ಲವನೂ ಹೌದು. ಹೊಸತನ್ನು ಹುಡುಕುವ ಆಸೆ, ಹೊಸತಕ್ಕೆ ಅಂಜುವ ಎಚ್ಚರ ಇವೆರಡೂ ಅವನಲ್ಲಿ ಒಟ್ಟಿಗೆ ನೆಲಸಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ೧೯೭೬ರಲ್ಲಿ ಇದನ್ನು ಸರ್ವಾಹಾರಿಯ ಇಬ್ಬಂದಿ ಎಂದು ಕರೆದರು.

ಈ ಅಂಜಿಕೆ ಎಳೆಯ ಕೂಸಿನಲ್ಲಿ ಕಡಿಮೆ. ಎರಡನೆಯ ವರ್ಷದಲ್ಲಿ ಏರತೊಡಗಿ, ಎರಡರಿಂದ ಆರು ವರ್ಷದ ನಡುವೆ ಬಲವಾಗಿರುತ್ತದೆ. ಆಮೇಲೆ ಮೆಲ್ಲಗೆ ಇಳಿಯುತ್ತದೆ. ಇದರ ಅರ್ಥವನ್ನು ಊಹಿಸುವುದು ಕಷ್ಟವಲ್ಲ. ತಾಯಿಯ ಸೊಂಟದ ಮೇಲಿರುವ ಕೂಸಿಗೆ ಸಿಕ್ಕುವುದೆಲ್ಲ ತಾಯಿಯ ಕೈಯಿಂದ ಬಂದ ತುತ್ತು; ಅದನ್ನು ನಂಬಿದರೆ ಕೇಡಿಲ್ಲ. ನಡೆಯಲು ಕಲಿತ ಮಗುವಾದರೋ ಬೇಲಿಯ ಬಳಿಗೆ ತಾನೇ ಹೋಗಿ ಕಂಡ ಕಾಯನ್ನು ಕೀಳಬಲ್ಲದು. ಆ ಹೊತ್ತಿಗೆ ಸರಿಯಾಗಿ ಪ್ರಕೃತಿ ಅದರ ಬಾಯಿಗೆ ಒಂದು ಬಾಗಿಲನ್ನಿಟ್ಟಿದೆ ಎಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕಾಡುಮೇಡಿನಲ್ಲಿ ಆ ಬಾಗಿಲು ಪ್ರಾಣ ಉಳಿಸಿರಬೇಕು. ನಮ್ಮ ಊಟದ ಮನೆಯಲ್ಲಿ ಅದು ಮೆಂತ್ಯದ ಸೊಪ್ಪನ್ನು ತಡೆಯುತ್ತದೆ.

ಎಲ್ಲ ಮಕ್ಕಳಲ್ಲಿಯೂ ಈ ಅಂಜಿಕೆ ಒಂದೇ ಪ್ರಮಾಣದಲ್ಲಿರುವುದಿಲ್ಲ. ಬ್ರಿಟನ್ನಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಅವಳಿಜವಳಿ ಜೋಡಿಗಳನ್ನು ಕುರಿತು ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಗುವಿನಿಂದ ಮಗುವಿಗೆ ಕಾಣುವ ಈ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲಿನಷ್ಟು ಹುಟ್ಟುಗುಣದಿಂದಲೇ ಬಂದುದೆಂದು ಲೆಕ್ಕ ಹಾಕಿತು. ಒಂದೇ ಮನೆಯಲ್ಲಿ, ಒಂದೇ ತಾಯಿಯ ಅಡುಗೆ ಉಂಡು, ಅಣ್ಣ ಎಲ್ಲವನ್ನೂ ತಿನ್ನುತ್ತಾನೆ, ತಂಗಿ ಏನನ್ನೂ ಮುಟ್ಟಳು ಎಂದರೆ ತಾಯಿ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಆದರೆ ಹುಟ್ಟುಗುಣವೆಂದ ಮಾತ್ರಕ್ಕೆ ಅದು ಬದಲಾಗದೆಂದು ತಿಳಿಯಬಾರದು. ನಾಚಿಕೆಯ ಮಗುವೂ ಪರಿಚಯವಾದ ಮೇಲೆ ಮಾತನಾಡುವಂತೆ, ಅಂಜುವ ನಾಲಗೆಯೂ ಪರಿಚಯದಿಂದ ಪಳಗುತ್ತದೆ.

ಸಿಹಿಗೆ ಒಲಿಯುವ, ಕಹಿಗೆ ಮುನಿಯುವ ನಾಲಗೆ

ಜೆರೂಸಲೆಮಿನ ಜೇಕಬ್ ಸ್ಟೈನರ್ ಎಂಬ ವಿಜ್ಞಾನಿ ೧೯೭೦ರ ದಶಕದಲ್ಲಿ, ಇನ್ನೂ ಒಮ್ಮೆಯೂ ಹಾಲು ಕುಡಿಯದ ನವಜಾತ ಶಿಶುಗಳ ನಾಲಗೆಗೆ ಬೇರೆ ಬೇರೆ ರಸಗಳ ಹನಿಯನ್ನು ಸೋಕಿಸಿ ಅವುಗಳ ಮುಖಭಾವವನ್ನು ಗಮನಿಸಿದರು. ಸಿಹಿ ತಾಗಿದಾಗ ಮುಖ ಸಡಿಲಗೊಂಡು ಶಿಶು ತುಟಿ ಚಪ್ಪರಿಸಿತು. ಕಹಿ ತಾಗಿದಾಗ ಬಾಯಗಲಿಸಿ, ಮೋರೆ ಸಿಂಡರಿಸಿತು. ತಾಯಿಯ ಹಾಲು ಸಿಹಿ. ಹಣ್ಣಾದ ಹಣ್ಣು ಸಿಹಿ. ಗಿಡಗಳಲ್ಲಿರುವ ವಿಷಗಳಾದರೋ ಬಹುಮಟ್ಟಿಗೆ ಕಹಿ. ಆದುದರಿಂದ ಸಿಹಿಯನ್ನು ಒಲಿಯುವುದನ್ನೂ ಕಹಿಯನ್ನು ಒಲ್ಲದಿರುವುದನ್ನೂ ಮಗು ಯಾರಿಂದಲೂ ಕಲಿಯಬೇಕಾಗಿಲ್ಲ. ಬಾಳೆಹಣ್ಣಿಗೆ ಕೈಚಾಚುವ ಮಗು ಹಾಗಲಕಾಯಿಯನ್ನು ಉಗುಳಿದರೆ ಅದು ತುಂಟತನವಲ್ಲ.

ಕಹಿಯ ಅನುಭವವೂ ಎಲ್ಲರಿಗೂ ಒಂದೇ ಅಲ್ಲ. ೧೯೩೧ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಫಾಕ್ಸ್ ಪ್ರಯೋಗಶಾಲೆಯಲ್ಲಿ ಫಿನೈಲ್‌ಥಯೋಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಅದರ ಧೂಳು ಹಾರಿತು. ಬಳಿಯಲ್ಲಿದ್ದ ಸಹೋದ್ಯೋಗಿ ಅದು ಸಹಿಸಲಾಗದಷ್ಟು ಕಹಿ ಎಂದರು. ಫಾಕ್ಸ್‌ರಿಗೆ ಯಾವ ರುಚಿಯೂ ತಿಳಿಯಲಿಲ್ಲ. ಒಬ್ಬರಿಗೆ ಕಹಿಯಾದುದು ಮತ್ತೊಬ್ಬರಿಗೆ ಸಪ್ಪೆಯಾಗಿರಬಹುದೆಂಬುದು ಹೀಗೆ ಆಕಸ್ಮಿಕವಾಗಿ ಬೆಳಕಿಗೆ ಬಂದಿತು. ಇದಕ್ಕೆ ಮುಖ್ಯ ಕಾರಣವಾದ ವಂಶವಾಹಿಯನ್ನು ೨೦೦೩ರಲ್ಲಿ ಗುರುತಿಸಲಾಯಿತು. ಎಲೆಕೋಸು, ನವಿಲುಕೋಸು ಮುಂತಾದ ತರಕಾರಿಗಳಲ್ಲಿ ಈ ಪುಡಿಯನ್ನು ಹೋಲುವ ಪದಾರ್ಥಗಳಿವೆ. ಆದುದರಿಂದ ನಮ್ಮ ಬಾಯಿಗೆ ಹಿತವಾಗಿರುವ ಕೋಸಿನ ಪಲ್ಯ ಮಗುವಿನ ಬಾಯಿಗೆ ನಿಜವಾಗಿಯೂ ಕಹಿಯಾಗಿರಬಹುದು. ‘ಏನೂ ಕಹಿಯಿಲ್ಲ, ಸುಮ್ಮನೆ ತಿನ್ನು’ ಎಂದು ಗದರಿಸುವ ಮುನ್ನ ನಾವು ಇದನ್ನು ನೆನೆಯತಕ್ಕದ್ದು.

ಹೊಟ್ಟೆಯ ಲೆಕ್ಕ

ಮಗುವಿನ ಊಟ ಕಡಿಮೆಯಾಯಿತೆಂಬ ದೂರಿಗೆ ಮತ್ತೊಂದು ಸರಳವಾದ ಕಾರಣವಿದೆ. ಹುಟ್ಟುವಾಗ ಮೂರು ಕಿಲೋಗ್ರಾಂ ಇದ್ದ ಕೂಸು ಒಂದು ವರ್ಷ ತುಂಬುವಾಗ ಸುಮಾರು ಒಂಬತ್ತು ಕಿಲೋಗ್ರಾಂ ಆಗುತ್ತದೆ. ಎಂದರೆ ಒಂದೇ ವರ್ಷದಲ್ಲಿ ಆರು ಕಿಲೋಗ್ರಾಂ ಬೆಳೆಯುತ್ತದೆ. ಎರಡನೆಯ ವರ್ಷದಲ್ಲಿ ಅದು ಬೆಳೆಯುವುದು ಎರಡೂವರೆ ಕಿಲೋಗ್ರಾಂ ಮಾತ್ರ. ಆಮೇಲೆ ವರ್ಷಕ್ಕೆ ಸುಮಾರು ಎರಡು ಕಿಲೋಗ್ರಾಂ. ಬೆಳೆವಣಿಗೆಯ ವೇಗ ಹೀಗೆ ಇಳಿದಾಗ ಹಸಿವೂ ಇಳಿಯುವುದು ನ್ಯಾಯವೇ. ನಾವು ಮಾತ್ರ ಮೊದಲ ವರ್ಷದ ಅಳತೆಗೋಲನ್ನೇ ಹಿಡಿದು ಕುಳಿತಿರುತ್ತೇವೆ.

ಅಲ್ಲದೆ, ಮಗು ಒಂದು ಹೊತ್ತು ಉಂಡುದನ್ನು ನೋಡಿ ಗಾಬರಿಗೊಳ್ಳಬಾರದು. ಅಮೆರಿಕದ ಲಿಯಾನ್ ಬರ್ಚ್ ಮತ್ತು ಅವರ ಸಂಗಡಿಗರು ೧೯೯೧ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಎರಡರಿಂದ ಐದು ವರ್ಷದ ೧೫ ಮಕ್ಕಳು ಆರು ದಿನಗಳಲ್ಲಿ ತಿಂದುದನ್ನೆಲ್ಲ ತೂಗಿ ಲೆಕ್ಕವಿಟ್ಟರು. ಒಂದೊಂದು ಊಟದಲ್ಲಿ ಏರುಪೇರು ಬಹಳ, ಶೇಕಡ ೩೦ಕ್ಕೂ ಹೆಚ್ಚು. ಆದರೆ ಇಡೀ ದಿನದ ಮೊತ್ತವನ್ನು ನೋಡಿದರೆ ಏರುಪೇರು ಶೇಕಡ ೧೦ರಷ್ಟು ಮಾತ್ರ. ಬೆಳಿಗ್ಗೆ ಕಡಿಮೆ ತಿಂದ ಮಗು ಮುಂದಿನ ಹೊತ್ತುಗಳಲ್ಲಿ ತಾನಾಗಿಯೇ ಸರಿದೂಗಿಸಿಕೊಂಡಿತ್ತು.

ಇನ್ನೊಂದು ಪ್ರಯೋಗ ಇದಕ್ಕಿಂತಲೂ ಹಳೆಯದು, ವಿಚಿತ್ರವಾದುದು. ೧೯೨೬ರಲ್ಲಿ ಕ್ಲಾರಾ ಡೇವಿಸ್ ಎಂಬ ಅಮೆರಿಕದ ವೈದ್ಯೆ ಆಗತಾನೇ ಎದೆಹಾಲು ಬಿಟ್ಟ ಕೂಸುಗಳ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನು ಇರಿಸಿ, ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳಲು ಬಿಟ್ಟರು. ದಾದಿ ಏನನ್ನೂ ‘ತಿನ್ನು’ ಎನ್ನಕೂಡದು, ‘ಬೇಡ’ ಎಂದೂ ಹೇಳಕೂಡದು. ಮಗು ಕೈತೋರಿದ ಮೇಲೆಯೇ ಚಮಚವನ್ನೆತ್ತಬೇಕು. ಮುಂದಿನ ವರ್ಷಗಳಲ್ಲಿ ಒಟ್ಟು ೧೫ ಮಕ್ಕಳು ಈ ಪ್ರಯೋಗದಲ್ಲಿ ಬೆಳೆದರು. ಒಂದು ಹೊತ್ತು ಬರಿಯ ಮೊಟ್ಟೆ, ಬಾಳೆಹಣ್ಣು, ಹಾಲು. ಮತ್ತೊಂದು ಹೊತ್ತು ಕಿತ್ತಳೆಯ ರಸ ಮತ್ತು ಪ್ರಾಣಿಯ ಯಕೃತ್ತು, ಹೀಗೆ ದೊಡ್ಡವರು ಕಂಡರೆ ಬೆಚ್ಚುವಂತಹ ಊಟಗಳನ್ನು ಅವರು ಮಾಡಿದರು. ಆದರೂ ಎಲ್ಲರೂ ಚೆನ್ನಾಗಿ ಬೆಳೆದರು. ಇದನ್ನು ಓದಿ, ಮಕ್ಕಳನ್ನು ಅವರ ಇಷ್ಟಕ್ಕೆ ಬಿಟ್ಟರೆ ಸಾಕೆಂದು ಯಾರೂ ತಿಳಿಯಬಾರದು. ಪ್ರಯೋಗದ ಗುಟ್ಟನ್ನು ಡೇವಿಸ್ ಅವರೇ ೧೯೩೯ರಲ್ಲಿ ಬಿಚ್ಚಿಟ್ಟರು: ಗುಟ್ಟಿರುವುದು ಆಹಾರದ ಪಟ್ಟಿಯಲ್ಲಿ. ಅಲ್ಲಿದ್ದ ೩೪ ಪದಾರ್ಥಗಳಲ್ಲಿ ಸಕ್ಕರೆ ಇರಲಿಲ್ಲ, ಮಿಠಾಯಿ ಇರಲಿಲ್ಲ, ಡಬ್ಬಿಯ ತಿಂಡಿ ಇರಲಿಲ್ಲ. ಯಾವುದನ್ನು ಆರಿಸಿಕೊಂಡರೂ ಒಳ್ಳೆಯದೇ ಆಗಿತ್ತು. ಮಕ್ಕಳ ಸಂಖ್ಯೆ ಸಣ್ಣದು, ಹೋಲಿಸಿ ನೋಡಲು ಬೇರೊಂದು ಗುಂಪೂ ಇರಲಿಲ್ಲವೆಂಬುದು ನಿಜ. ಆದರೂ ಪಟ್ಟಿ ಹಿರಿಯರ ಕೈಯಲ್ಲಿ, ಆಯ್ಕೆ ಕಿರಿಯರ ಕೈಯಲ್ಲಿ ಎಂಬ ಅದರ ತಿರುಳು ಇಂದಿಗೂ ಬೆಲೆಯುಳ್ಳದ್ದು.

ಒತ್ತಾಯದಿಂದ ಆಗುವ ಕೇಡು

‘ಮುಗಿಸಿದ ಹೊರತು ಏಳಬೇಡ’ ಎನ್ನುವುದರಿಂದ ಏನಾಗುತ್ತದೆ? ೨೦೦೬ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶಿಶುವಿಹಾರದ ಮಕ್ಕಳಿಗೆ ಎರಡು ಬಗೆಯ ತರಕಾರಿ ಸೂಪನ್ನು ವಾರವಾರವೂ ಕೊಟ್ಟರು. ಒಂದನ್ನು ಕೊಡುವಾಗ ‘ಮುಗಿಸು’ ಎಂದು ಮತ್ತೆ ಮತ್ತೆ ಹೇಳಿದರು. ಇನ್ನೊಂದನ್ನು ಕೊಟ್ಟು ಸುಮ್ಮನಿದ್ದರು. ಮಕ್ಕಳು ಹೆಚ್ಚು ಕುಡಿದುದು ಸುಮ್ಮನೆ ಕೊಟ್ಟ ಸೂಪನ್ನೇ. ಒತ್ತಾಯದ ಸೂಪನ್ನು ಕುರಿತು ಅವರಾಡಿದ ಬೇಸರದ ಮಾತುಗಳಂತೂ ಅನೇಕ ಪಟ್ಟು ಹೆಚ್ಚಾಗಿದ್ದವು.

ಆಸೆ ತೋರಿಸುವುದೂ ಒತ್ತಾಯದ ಇನ್ನೊಂದು ಮುಖ. ‘ಪಲ್ಯ ತಿಂದರೆ ಲಾಡು ಕೊಡುತ್ತೇನೆ’ ಎಂಬ ಮಾತನ್ನು ಕೇಳಿದ ಮಗು ಎರಡು ಪಾಠಗಳನ್ನು ಕಲಿಯುತ್ತದೆ: ಪಲ್ಯವೆಂಬುದು ಕೂಲಿ ಕೊಟ್ಟು ಮಾಡಿಸಬೇಕಾದ ಕಷ್ಟದ ಕೆಲಸ, ಲಾಡು ಎಂಬುದು ಬಾಳಿನಲ್ಲಿ ಗಳಿಸಬೇಕಾದ ಸಂಪತ್ತು. ಬರ್ಚ್ ಅವರು ೧೯೮೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಸದೊಂದು ಪಾನೀಯವನ್ನು ಬಹುಮಾನಕ್ಕಾಗಿ ಕುಡಿದ ಮಕ್ಕಳಿಗೆ ಆ ಪಾನೀಯದ ಮೇಲಿದ್ದ ಇಷ್ಟ ಮೊದಲಿಗಿಂತ ಕಡಿಮೆಯಾಯಿತು. ಆದರೆ ಇಲ್ಲಿಯೂ ಒಂದು ಭೇದವನ್ನು ಅರಿಯಬೇಕು. ಲಂಡನ್ನಿನಲ್ಲಿ ನಡೆದು ೨೦೧೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಲ್ಲದ ತರಕಾರಿಯ ಒಂದು ಚೂರನ್ನು ಬರಿದೆ ರುಚಿ ನೋಡಿದ್ದಕ್ಕೆ ಅಂಟಿಸುವ ಚಿತ್ರವೊಂದನ್ನು ಕೊಟ್ಟಾಗ ಯಾವ ಕೇಡೂ ಆಗಲಿಲ್ಲ. ಮಕ್ಕಳ ಇಷ್ಟ ಹೆಚ್ಚಿತು. ರುಚಿ ನೋಡಿದ ಧೈರ್ಯಕ್ಕೆ ಒಂದು ಮೆಚ್ಚುಮಾತು ಸಲ್ಲುತ್ತದೆ. ತಟ್ಟೆ ಬರಿದುಮಾಡಿದ್ದಕ್ಕೆ ಸಿಹಿಯ ಲಂಚ ಸಲ್ಲದು.

ಮೊಬೈಲು ತೋರಿಸಿ ಉಣಿಸುವುದರಲ್ಲಿ ಬೇರೊಂದು ನಷ್ಟವಿದೆ. ಮಗುವಿನ ಗಮನ ಚಿತ್ರದಲ್ಲಿರುವಾಗ ಅದು ತನ್ನ ಹೊಟ್ಟೆ ತುಂಬಿತೋ ಇಲ್ಲವೋ ಎಂಬುದನ್ನು ಕೇಳಿಸಿಕೊಳ್ಳುವುದಿಲ್ಲ. ಏನನ್ನು ತಿಂದೆನೆಂಬುದನ್ನೂ ಅರಿಯುವುದಿಲ್ಲ. ಆ ಹೊತ್ತಿಗೆ ತುತ್ತು ಒಳಗೆ ಹೋಗಬಹುದು; ರುಚಿಯ ಕಲಿಕೆ ಮಾತ್ರ ನಡೆಯುವುದಿಲ್ಲ.

ರುಚಿಯನ್ನು ಕಲಿಯುವ ಬಗೆ

ಹಾಗಾದರೆ ಮಗು ರುಚಿಯನ್ನು ಕಲಿಯುವುದು ಹೇಗೆ? ಈ ಪಾಠ ಗರ್ಭದಲ್ಲಿಯೇ ಮೊದಲಾಗುತ್ತದೆ. ಫಿಲಡೆಲ್ಫಿಯದ ಜೂಲಿ ಮೆನ್ನೆಲ್ಲ ಮತ್ತು ಸಂಗಡಿಗರು ೨೦೦೧ರಲ್ಲಿ ಪ್ರಕಟಿಸಿದಂತೆ, ಬಸುರಿಯಾಗಿದ್ದಾಗಲಾಗಲಿ ಹಾಲೂಡಿಸುವಾಗಲಾಗಲಿ ತಾಯಂದಿರು ಕ್ಯಾರೆಟ್ ರಸ ಕುಡಿದಿದ್ದರೆ, ಅವರ ಕೂಸುಗಳು ಕ್ಯಾರೆಟ್ ಬೆರೆಸಿದ ಗಂಜಿಯನ್ನು ಮುಖ ಸಿಂಡರಿಸದೆ ಸ್ವೀಕರಿಸಿದವು. ತಾಯಿ ಉಂಡ ಊಟದ ವಾಸನೆ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ಸೊಪ್ಪುಸದೆಗಳನ್ನು ಉಣ್ಣುವ ತಾಯಿ ತನಗರಿಯದೆಯೇ ಮಗುವಿಗೆ ಮನೆಯ ಅಡುಗೆಯ ಪರಿಚಯ ಮಾಡಿಕೊಡುತ್ತಿರುತ್ತಾಳೆ.

ಎರಡನೆಯ ಪಾಠ ಅನ್ನಪ್ರಾಶನದಿಂದ ಮೊದಲಾಗುತ್ತದೆ. ಆರು ತಿಂಗಳು ತುಂಬಿದ ಮೇಲೆ ಮೇಲಾಹಾರ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹೊಸತಿಗೆ ಅಂಜದ ಈ ಕಾಲವನ್ನು ಬರಿಯ ಸಿಹಿ ಗಂಜಿಯಲ್ಲಿ ಕಳೆದುಬಿಟ್ಟರೆ ಒಂದು ಸುಸಮಯ ಕೈಜಾರಿದಂತೆ. ಕುಂಬಳಕಾಯಿ, ಸೊಪ್ಪು, ಬೇಳೆ, ಹುರುಳಿಕಾಯಿ ಇವನ್ನು ಬೇಯಿಸಿ ಮಸೆದು ಒಂದೊಂದಾಗಿ ಪರಿಚಯಿಸಬೇಕು. ಹಾಗೆಯೇ ಯಾವಾಗಲೂ ನುಣ್ಣಗೆ ರುಬ್ಬಿ ಕೊಡುತ್ತ ಹೋಗಬಾರದು. ಒಂಬತ್ತು ತಿಂಗಳಾದರೂ ಗಟ್ಟಿಯಾದ, ತರಿತರಿಯಾದ ಆಹಾರವನ್ನು ಕಾಣದ ಕೂಸುಗಳು ಏಳನೆಯ ವರ್ಷದಲ್ಲಿಯೂ ಹಣ್ಣುತರಕಾರಿಗಳನ್ನು ಕಡಿಮೆ ತಿನ್ನುತ್ತಿದ್ದುದು ಇಂಗ್ಲೆಂಡಿನಲ್ಲಿ ನಡೆದ ದೀರ್ಘಕಾಲದ ಅಧ್ಯಯನವೊಂದರಿಂದ ತಿಳಿದುಬಂದಿದೆ. ಅಗಿಯುವುದೂ ಒಂದು ವಿದ್ಯೆ, ಅದಕ್ಕೂ ಕಾಲವಿದೆ.

ಮೂರನೆಯದೂ ಮುಖ್ಯವಾದುದೂ ಪುನರಾವರ್ತನೆ. ಒಂದು ಹೊಸ ತರಕಾರಿಯನ್ನು ಮಗು ಎರಡು ಸಲ ಉಗುಳಿದರೆ ‘ಇದು ಅವನಿಗೆ ಆಗದು’ ಎಂದು ನಾವು ತೀರ್ಮಾನಿಸುತ್ತೇವೆ. ಸಂಶೋಧಕರು ಕಂಡುಕೊಂಡಂತೆ, ಎಂಟರಿಂದ ಹದಿನೈದು ಸಲ, ಕೆಲವು ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಸಲ ರುಚಿ ನೋಡಿದ ಬಳಿಕವೇ ಒಪ್ಪಿಗೆ ಹುಟ್ಟುತ್ತದೆ. ಬರಿಯ ನೋಟ ಸಾಲದು, ನಾಲಗೆಗೆ ತಾಗಬೇಕು. ಆದರೆ ಒಂದು ಕಾಳಿನಷ್ಟು ತಾಗಿದರೂ ಸಾಕು. ರೈತ ಇಲಿಗೆ ಕಲಿಸಿದ ಪಾಠವೂ ಇದೇ ಅಲ್ಲವೇ? ‘ಇದನ್ನು ತಿಂದೆ, ಏನೂ ಕೇಡಾಗಲಿಲ್ಲ’ ಎಂಬ ಅನುಭವ ಕೆಲವು ಸಲ ಮರುಕಳಿಸಿದರೆ ಸಂಶಯ ಕರಗುತ್ತದೆ. ಅಲ್ಲಿ ಅದನ್ನು ಮೋಸಕ್ಕಾಗಿ ಬಳಸುತ್ತಾರೆ. ನಾವು ಹಿತಕ್ಕಾಗಿ ಬಳಸಬಹುದು.

ಇಲ್ಲಿ ಒಂದು ಎಚ್ಚರಿಕೆ. ಸಕ್ಕರೆ ಬೆರೆಸಿ ಅಭ್ಯಾಸ ಮಾಡಿಸಿದರೆ ಮಗು ಕಲಿಯುವುದು ಸಕ್ಕರೆ ಬೆರೆಸಿದ ರುಚಿಯನ್ನೇ. ೧೯೯೦ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ತೋಫು ಎಂಬ ಸೋಯಾ ಗಿಣ್ಣನ್ನು ಕೆಲವರಿಗೆ ಸಪ್ಪೆಯಾಗಿ, ಕೆಲವರಿಗೆ ಉಪ್ಪು ಹಾಕಿ, ಕೆಲವರಿಗೆ ಸಿಹಿ ಹಾಕಿ ೧೫ ಸಲ ಕೊಟ್ಟರು. ಯಾರು ಯಾವುದನ್ನು ತಿಂದಿದ್ದರೋ ಅವರಿಗೆ ಅದೇ ಇಷ್ಟವಾಯಿತು. ಸಿಹಿಯಾದುದಕ್ಕೆ ಒಗ್ಗಿದ ಮಕ್ಕಳಿಗೆ ಸಪ್ಪೆಯಾದುದು ರುಚಿಸಲಿಲ್ಲ. ಹಾಲಿಗೆ ದಿನವೂ ಎರಡು ಚಮಚ ಸಕ್ಕರೆ ಹಾಕುವ ಮನೆಯಲ್ಲಿ ಬರಿಯ ಹಾಲನ್ನು ಮಗು ಏಕೆ ಒಲ್ಲದೆಂಬುದಕ್ಕೆ ಉತ್ತರ ಇದರಲ್ಲಿದೆ.

ನಾಲ್ಕನೆಯದು ಪಂಕ್ತಿ. ಒಂದು ತರಕಾರಿಯನ್ನು ಇಷ್ಟಪಡದ ಮಗುವನ್ನು, ಅದನ್ನೇ ಇಷ್ಟಪಡುವ ನಾಲ್ಕಾರು ಮಕ್ಕಳ ನಡುವೆ ಕೆಲವು ದಿನ ಊಟಕ್ಕೆ ಕೂರಿಸಿದಾಗ, ಯಾರೂ ಏನೂ ಹೇಳದೆಯೇ ಆ ಮಗುವಿನ ಆಯ್ಕೆ ಬದಲಾಯಿತೆಂದು ಬರ್ಚ್ ೧೯೮೦ರಲ್ಲಿ ತೋರಿಸಿದರು. ನಮ್ಮ ಅಜ್ಜಿಯರು ಪ್ರಯೋಗಶಾಲೆಯ ಹಂಗಿಲ್ಲದೆ ಇದನ್ನು ಅರಿತಿದ್ದರು. ಕೈತುತ್ತಿನ ಪದ್ಧತಿಯನ್ನು ನೆನೆಯಿರಿ. ಮೊಮ್ಮಕ್ಕಳನ್ನೆಲ್ಲ ಸುತ್ತ ಕೂರಿಸಿ, ಅಜ್ಜಿ ದೊಡ್ಡ ಪಾತ್ರೆಯಲ್ಲಿ ಸೊಪ್ಪಿನ ಹುಳಿಯನ್ನೂ ಅನ್ನವನ್ನೂ ಕಲಸಿ, ಒಂದೊಂದು ಕೈಗೆ ಒಂದೊಂದು ತುತ್ತು ಹಾಕುತ್ತ ಬರುತ್ತಾಳೆ. ತನ್ನ ಸರದಿಗೆ ಕೈಚಾಚುವ ಆತುರದಲ್ಲಿ ಮಗು ಸೊಪ್ಪನ್ನು ಆರಿಸುವುದನ್ನೇ ಮರೆಯುತ್ತದೆ. ಕರ್ನಾಟಕದ ಶಾಲೆಗಳಲ್ಲಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹದ ಪಂಕ್ತಿಗೂ ಈ ಶಕ್ತಿ ಉಂಟು. ಮನೆಯಲ್ಲಿ ಸಾಂಬಾರಿನ ತರಕಾರಿಯನ್ನು ಮುಟ್ಟದ ಹುಡುಗ ಗೆಳೆಯರ ಸಾಲಿನಲ್ಲಿ ಕುಳಿತಾಗ ಅದನ್ನೇ ತಿಂದರೆ ನಾವು ಅಚ್ಚರಿಪಡಬೇಕಾಗಿಲ್ಲ.

ಮನೆಯಲ್ಲಿ ಅನುಸರಿಸತಕ್ಕ ಕ್ರಮ

ಇದೆಲ್ಲದರಿಂದ ಹೊರಡುವ ನಿಯಮವನ್ನು ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ ೧೯೮೦ರ ದಶಕದಲ್ಲಿ ಸೊಗಸಾಗಿ ಹೇಳಿದ್ದಾರೆ. ಅವರ ಪ್ರಕಾರ ಊಟದ ಹೊಣೆಯನ್ನು ಹಂಚಿಕೊಳ್ಳಬೇಕು. ಏನನ್ನು ಬಡಿಸುವುದು, ಯಾವಾಗ, ಎಲ್ಲಿ ಎಂಬುದು ಹಿರಿಯರ ಹೊಣೆ. ಬಡಿಸಿದುದನ್ನು ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು ಎಂಬುದು ಮಗುವಿನ ಹೊಣೆ. ಒಬ್ಬರು ಇನ್ನೊಬ್ಬರ ಹೊಣೆಗೆ ಕೈಹಾಕಿದಾಗಲೇ ಜಗಳ ಹುಟ್ಟುವುದು.

ಇದನ್ನು ನಡೆಸುವುದು ಹೇಗೆಂಬುದಕ್ಕೆ ನುಗ್ಗೆಸೊಪ್ಪನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಾರಕ್ಕೆ ಎರಡು ಮೂರು ದಿನ ಅದು ಮನೆಯವರೆಲ್ಲರ ಊಟದಲ್ಲಿರಲಿ. ಒಮ್ಮೆ ಬೇಳೆಯೊಡನೆ ಹುಳಿಯಾಗಿ, ಒಮ್ಮೆ ಕಾಯಿತುರಿ ಹಾಕಿದ ಪಲ್ಯವಾಗಿ, ಒಮ್ಮೆ ರಾಗಿರೊಟ್ಟಿಯ ಹಿಟ್ಟಿನೊಡನೆ ಕಲಸಿದುದಾಗಿ. ಮಗುವಿಗೆ ಬಡಿಸುವುದು ಒಂದೇ ಒಂದು ಚಮಚ. ಅದರ ಪಕ್ಕದಲ್ಲಿ ಮಗು ಈಗಾಗಲೇ ಒಪ್ಪಿರುವ ಒಂದು ಪದಾರ್ಥ, ಅನ್ನವೋ ಮೊಸರೋ ಚಪಾತಿಯೋ, ಅವಶ್ಯವಾಗಿ ಇರಲಿ. ತಂದೆತಾಯಿಗಳು ಅದನ್ನೇ ಉಣ್ಣಲಿ; ಉಣ್ಣುವಾಗ ಮಗುವಿನ ತಟ್ಟೆಯನ್ನು ದಿಟ್ಟಿಸದಿರಲಿ. ಮುಟ್ಟಿದರೆ ಸಂತೋಷ; ಮುಟ್ಟದಿದ್ದರೆ ಮಾತಿಲ್ಲದೆ ತಟ್ಟೆಯನ್ನು ಎತ್ತಿಡಬೇಕು. ಅದರ ಬದಲಿಗೆ ಬೇರೊಂದು ತಿಂಡಿಯನ್ನು ಆಗಲೇ ಮಾಡಿಕೊಡಬಾರದು. ಹೀಗೆ ಒಂದೆರಡು ತಿಂಗಳು ಬೇಸರಿಸದೆ ನಡೆಸಬೇಕು. ರೊಟ್ಟಿಯಲ್ಲಿ ಸೊಪ್ಪನ್ನು ಕಲಸುವುದು ಒಳ್ಳೆಯದೇ. ಆದರೆ ಯಾವಾಗಲೂ ಬಚ್ಚಿಟ್ಟು ಕೊಟ್ಟರೆ ಸೊಪ್ಪಿನ ಪರಿಚಯವಾಗುವುದೆಂತು? ಸೊಪ್ಪು ಸೊಪ್ಪಾಗಿಯೂ ಕಾಣಿಸಿಕೊಳ್ಳುತ್ತಿರಬೇಕು.

ಹಸಿವಿಗೆ ಅವಕಾಶ ಕೊಡುವುದು ಅಷ್ಟೇ ಮುಖ್ಯ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು ೧,೧೦೦ ಕಿಲೋಕ್ಯಾಲೊರಿ. ಒಂದು ಲೋಟ ಹಾಲು, ಅದಕ್ಕೆ ಎರಡು ಚಮಚ ಸಕ್ಕರೆ, ಜೊತೆಗೆ ಐದು ಬಿಸ್ಕತ್ತು, ಇಷ್ಟರಿಂದಲೇ ಅದರ ಕಾಲುಭಾಗ ಬಂದುಹೋಗುತ್ತದೆ. ಹನ್ನೊಂದು ಗಂಟೆಗೆ ಇದನ್ನು ಕೊಟ್ಟು ಹನ್ನೆರಡೂವರೆಗೆ ಊಟಕ್ಕೆ ಕರೆದರೆ ಮಗು ‘ಒಲ್ಲೆ’ ಎನ್ನುವುದು ಪ್ರಾಮಾಣಿಕವಾದ ಉತ್ತರವೇ. ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಪ್ರತಿಯೊಂದಕ್ಕೂ ಎರಡು ಮೂರು ಗಂಟೆಯ ಅಂತರ, ಆ ನಡುವೆ ನೀರು ಮಾತ್ರ, ಈ ಕ್ರಮ ಸಾಕು. ಹಾಲು ಅತಿಯಾಗುವುದೂ ಒಳ್ಳೆಯದಲ್ಲ. ಹಾಲಿನಲ್ಲಿ ಸುಣ್ಣಾಂಶವೂ ಸಸಾರಜನಕವೂ ಹೇರಳ, ಕಬ್ಬಿಣ ಅತ್ಯಲ್ಪ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿದು ಬೇರೇನನ್ನೂ ತಿನ್ನದ ಮಗು ದುಂಡಗಿದ್ದರೂ ಅದರ ರಕ್ತ ತೆಳುವಾಗಿರಬಹುದು.

ಬಡಿಸುವುದರಲ್ಲಿಯೂ ಜಾಣತನ ಬೇಕು. ಸೊಪ್ಪಿನಲ್ಲಿರುವ ಕಬ್ಬಿಣವನ್ನು ದೇಹ ಚೆನ್ನಾಗಿ ಹೀರಿಕೊಳ್ಳಲು ‘ಸಿ’ ಜೀವಸತ್ವ ನೆರವಾಗುತ್ತದೆ. ಆದುದರಿಂದ ಊಟದೊಡನೆ ನಿಂಬೆರಸ ಹಿಂಡಿದ ಕೋಸಂಬರಿ ಅಥವಾ ಒಂದು ತುಂಡು ಸೀಬೆಹಣ್ಣು ಇರಲಿ. ಚಹಾ ಈ ಹೀರಿಕೆಗೆ ಅಡ್ಡಿ. ಚಿಕ್ಕ ಮಕ್ಕಳಿಗೆ ಅದು ಬೇಡವೇ ಬೇಡ. ಸೊಪ್ಪು ಮತ್ತು ಕೆಂಪು, ಹಳದಿ ತರಕಾರಿಗಳಲ್ಲಿರುವ ಕ್ಯಾರೊಟೀನಿನಿಂದ ‘ಎ’ ಜೀವಸತ್ವ ದೊರೆಯಬೇಕಾದರೆ ಅದರೊಡನೆ ಸ್ವಲ್ಪ ಜಿಡ್ಡು ಇರಬೇಕು. ಒಂದು ಚಮಚ ತುಪ್ಪ ಇಲ್ಲವೆ ಎಣ್ಣೆಯ ಒಗ್ಗರಣೆ ರುಚಿಗೂ ಸರಿ, ಶಾಸ್ತ್ರಕ್ಕೂ ಸರಿ. ರಾಗಿಯಂತೂ ನಮ್ಮ ನಾಡಿನ ಭಾಗ್ಯ. ೧೦೦ ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕ ಕ್ಯಾಲ್ಸಿಯಂ ಇದೆ. ಹಾಲನ್ನು ಒಲ್ಲದ ಮಗುವಿನ ತಾಯಿ ಇದನ್ನು ನೆನಪಿಟ್ಟುಕೊಳ್ಳಬೇಕು. ಕಡಲೆಬೀಜ ಒಳ್ಳೆಯ ಆಹಾರವಾದರೂ ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಬಾರದು. ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವುಂಟು. ಪುಡಿಮಾಡಿ ಕೊಡಬೇಕು.

ಮಗುವಿನ ಕೈಗೂ ಕೆಲಸ ಕೊಡಿರಿ. ಅವರೆಕಾಯಿ ಸುಲಿಯುವುದು, ಸೊಪ್ಪು ಬಿಡಿಸುವುದು, ಸಂತೆಯಲ್ಲಿ ಸೌತೆಕಾಯಿ ಆರಿಸುವುದು ಇವೆಲ್ಲ ಆಟವೂ ಹೌದು, ಪರಿಚಯವೂ ಹೌದು. ತಾನೇ ಬಿಡಿಸಿದ ಸೊಪ್ಪು ಅಷ್ಟು ಅಪರಿಚಿತವಾಗಿ ಉಳಿಯುವುದಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಬಹುಪಾಲು ಮಕ್ಕಳ ‘ಒಲ್ಲೆ’ ವಯಸ್ಸಿನೊಡನೆ ಸರಿಹೋಗುವಂತಹುದು. ಕೆಲವು ಲಕ್ಷಣಗಳನ್ನು ಮಾತ್ರ ಕಡೆಗಣಿಸಬಾರದು. ತೂಕ ಇಳಿಯುತ್ತಿದ್ದರೆ ಅಥವಾ ತಿಂಗಳುಗಟ್ಟಲೆ ನಿಂತಲ್ಲೇ ನಿಂತಿದ್ದರೆ. ನುಂಗುವಾಗ ಕೆಮ್ಮು, ಉಸಿರು ಕಟ್ಟುವುದು, ಪದೇ ಪದೇ ವಾಂತಿ ಇದ್ದರೆ. ಮೊದಲು ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಟ್ಟು ಬೆರಳೆಣಿಕೆಯವಕ್ಕೆ ಇಳಿದಿದ್ದರೆ. ಮಣ್ಣು, ಬಳಪ, ಗೋಡೆಯ ಸುಣ್ಣ ಇವನ್ನು ತಿನ್ನುತ್ತಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಮಣ್ಣು ತಿನ್ನುವುದಕ್ಕೂ ಕಬ್ಬಿಣದ ಕೊರತೆಗೂ ಸಂಬಂಧವುಂಟು. ಅದಕ್ಕೆ ಬೈಗುಳ ಮದ್ದಲ್ಲ, ರಕ್ತಪರೀಕ್ಷೆ ದಾರಿ. ರಕ್ತಹೀನತೆ ಇದೆಯೆಂದು ತಿಳಿದ ಮೇಲೆ ಸೊಪ್ಪೊಂದನ್ನೇ ನಂಬಿ ಕೂರದೆ ವೈದ್ಯರು ಹೇಳಿದ ಔಷಧವನ್ನು ತಪ್ಪದೆ ಕೊಡತಕ್ಕದ್ದು. ಊರಿನ ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ಕ್ರಮವಾಗಿ ನೋಡಿಸಿ ಗುರುತು ಹಾಕಿಸುತ್ತಿದ್ದರೆ ಅನೇಕ ಅನಾವಶ್ಯಕ ಭಯಗಳು ಮಾಯವಾಗುತ್ತವೆ. ಅವಶ್ಯಕವಾದ ಭಯವೂ ಹೊತ್ತಿಗೆ ಮುಂಚೆ ಎಚ್ಚರಿಸುತ್ತದೆ.

ಮಗುವಿಗೆ ನಡೆಯಲು ಕಲಿಸುವಾಗ ಅದು ಹತ್ತು ಸಲ ಬಿದ್ದರೂ ನಾವು ಕೋಪಿಸಿಕೊಳ್ಳುವುದಿಲ್ಲ. ‘ಇವನಿಗೆ ನಡಿಗೆ ಬಾರದು’ ಎಂದು ಕೈಬಿಡುವುದೂ ಇಲ್ಲ. ಅಕ್ಷರ ಕಲಿಸುವಾಗ ಒಂದೇ ಅಕ್ಷರವನ್ನು ನೂರು ಸಲ ತಿದ್ದಿಸುತ್ತೇವೆ. ಉಣ್ಣುವುದೂ ಇವುಗಳಂತೆಯೇ ಒಂದು ವಿದ್ಯೆ. ಅದಕ್ಕೂ ಅಷ್ಟೇ ಕಾಲ, ಅಷ್ಟೇ ತಾಳ್ಮೆ ಸಲ್ಲಬೇಕು. ಒಳ್ಳೆಯದನ್ನು ಬೇಯಿಸಿ, ಹೊತ್ತಿಗೆ ಸರಿಯಾಗಿ ಬಡಿಸಿ, ನಾವೂ ಜೊತೆಯಲ್ಲಿ ಕುಳಿತು ಉಂಡರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಉಳಿದುದನ್ನು ಹಸಿವೂ ಅಭ್ಯಾಸವೂ ಮಾಡಿಕೊಳ್ಳುತ್ತವೆ.